ಚೆನ್ನವೀರನ ವೈರಾಗ್ಯ

ಕಪಿಲೆಯ ದಂಡೆಯ ಮೇಲೆ ಹೊನ್ನಾಂಬೆ ಎಂಬ ಮುದುಕಿಯ ಆಶ್ರಮ. ಆಶ್ರಮ ಅಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಹೆಂಚಿನ ಸೂರುಗಳು ಕೆಲವು, ಒಂದು ಕೊಟ್ಟಿಗೆ, ಹೊಳೆಗಿಳಿಯುವ ಮೆಟ್ಟಿಲು, ಅಷ್ಟೇ.

ಮನಸ್ಸಿಗೆ ಕಾಯಿಲೆ ಬಿದ್ದವರನ್ನು ಜನ ಅಲ್ಲಿಗೆ ಕರೆತರುತ್ತಿದ್ದರು. ಕೆಲವರನ್ನು ಕೈಹಿಡಿದು, ಕೆಲವರನ್ನು ಹಗ್ಗ ಕಟ್ಟಿ. ಹಗ್ಗ ಕಂಡರೆ ಹೊನ್ನಾಂಬೆಗೆ ಎಲ್ಲಿಲ್ಲದ ಸಿಟ್ಟು.

"ಬಿಚ್ಚಿ ಒಳಗೆ ಬನ್ನಿ. ಇಲ್ಲಾ, ಆ ಹಗ್ಗದ ಜೊತೆ ನೀವೇ ಹೊರಗಿರಿ" ಅನ್ನುತ್ತಿದ್ದರು.

ಅಲ್ಲೊಂದು ವಿಚಿತ್ರ ಕಟ್ಟಳೆ. ಕಾಯಿಲೆ ಯಾರಿಗೆ ಅಂತ ಬಾಗಿಲಲ್ಲಿ ಯಾರೂ ಹೇಳಕೂಡದು. ಕರೆತಂದವರೂ ಅವರ ಜೊತೆ ಬಂದವರೂ ಒಂದೇ ಸೂರಿನಡಿ ಮಲಗಬೇಕು, ಒಂದೇ ಪಂಕ್ತಿಯಲ್ಲಿ ಉಣ್ಣಬೇಕು, ಒಟ್ಟಿಗೆ ಸೌದೆ ಒಡೆಯಬೇಕು. ಕೆಲವು ದಿನ ಕಳೆದ ಮೇಲೆ ಹೊನ್ನಾಂಬೆ ಅಮ್ಮನವರೇ ಹೇಳುತ್ತಿದ್ದರು, ಕಾಯಿಲೆ ಇಂಥವರಿಗೆ ಅಂತ. ಕರೆತಂದವರೇ ಔಷಧಿ ಕಟ್ಟಿಸಿಕೊಂಡು ಹೋದದ್ದು ಎಷ್ಟು ಸಲವೋ!

ಅಮ್ಮನವರ ಶಿಷ್ಯ ತಿರುಮಲ. ಹುಡುಗ ಬುದ್ಧಿವಂತ. ಬುದ್ಧಿವಂತ ಅನ್ನೋದು ಅವನಿಗೂ ಗೊತ್ತಿತ್ತು, ಅದೇ ಸ್ವಲ್ಪ ತೊಂದರೆ.

ಅವನು ಕಂಡದ್ದೇನು ಕಡಿಮೆಯಲ್ಲ. ಬೀಗ ಹಾಕಿದೆನೋ ಇಲ್ಲವೋ ಅಂತ ದಾರಿಯ ಅರ್ಧದಿಂದ ಮತ್ತೆ ಮತ್ತೆ ಮನೆಗೆ ಓಡುವ ಮೇಷ್ಟ್ರು ಬಂದಿದ್ದರು. ಹೆತ್ತ ಮಗುವಿನ ಮುಖ ನೋಡಲಾರದೆ ಗೋಡೆಗೆ ತಿರುಗಿ ಮಲಗುವ ಬಾಣಂತಿ ಬಂದಿದ್ದಳು. ಕಿವಿಯೊಳಗೆ ಯಾರೋ ಹಗಲಿಡೀ ಬೈಯುತ್ತಾರೆ ಅಂತ ಹತ್ತಿ ತುರುಕಿಕೊಂಡ ನೇಕಾರನೊಬ್ಬ ಬಂದಿದ್ದ. ಬಾಣಂತಿ ಮಗುವಿಗೆ ಎಣ್ಣೆ ಹಚ್ಚುತ್ತಾ ಹಾಡಿಕೊಂಡ ದಿನ ತಿರುಮಲ ಮರೆಯಲ್ಲಿ ನಿಂತು ಅತ್ತಿದ್ದ. ಅಮ್ಮನವರ ಮೇಲೆ ಅವನಿಗಿದ್ದದ್ದು ಬರೀ ಭಕ್ತಿಯಲ್ಲ, ಬೆರಗು.

ಆದರೆ ನಿಜ ಹೇಳಬೇಕೆಂದರೆ, ಅವನ ಕಣ್ಣಲ್ಲಿ ತುಂಬಿಕೊಂಡಿದ್ದವನು ಬೇರೆಯವನು. ಹಿರಿಯ ಶಿಷ್ಯ ಚೆನ್ನವೀರ.

ಚೆನ್ನವೀರ ಮೊದಲು ಹೀಗಿರಲಿಲ್ಲ. ಹಾಡುತ್ತಿದ್ದ, ಆಚೆ ದಂಡೆಯ ಅಗಸರು ಬಟ್ಟೆ ಒಗೆಯೋದು ನಿಲ್ಲಿಸಿ ಕೇಳಬೇಕು, ಹಾಗೆ. ಉಣ್ಣುತ್ತಿದ್ದ, ಬಡಿಸುವವರಿಗೆ ಖುಷಿಯಾಗಬೇಕು, ಹಾಗೆ. ಎಲ್ಲರನ್ನೂ ಗೋಳು ಹುಯ್ದುಕೊಳ್ಳುತ್ತಿದ್ದ.

ಬೇಸಿಗೆಯ ಕೊನೆಗೆ ಅಮ್ಮನವರು ಬೆಟ್ಟದ ಕಡೆಯ ಹಳ್ಳಿಗಳಿಗೆ ಹೋದರು. ಅಲ್ಲೆಲ್ಲೋ ಕಾಯಿಲೆಯವರು ಬಹಳ, ನಡೆದು ಬರಲಾರದವರು. ಹೋದವರು ಮಳೆ ಹಿಡಿದು ಅಲ್ಲೇ ಉಳಿದುಬಿಟ್ಟರು.

ಆಗಲೇ ಚೆನ್ನವೀರ ಬದಲಾದದ್ದು.

ಹಾಡು ನಿಂತಿತು. ಊಟ ಎರಡು ತುತ್ತಿಗೆ ಇಳಿಯಿತು. ನಗು ಹೋಯಿತು, ತಮಾಷೆ ಹೋಯಿತು. ಹೊಳೆದಂಡೆಯ ಹಳೇ ಮಂಟಪಕ್ಕೆ ಹೋಗಿ ಕೂತವನು ಕೂತೇ ಇರುತ್ತಿದ್ದ. ಕೋಳಿ ಕೂಗುವುದಕ್ಕೆ ಎಷ್ಟೋ ಮುಂಚೆ ಎದ್ದು ನೀರು ನೋಡುತ್ತಿದ್ದ.

"ಏನಾಯ್ತಣ್ಣ?" ಅಂತ ತಿರುಮಲ ಒಂದು ಸಲ ಕೇಳಿದ್ದ.

"ಏನೂ ಬೇಡ ಅನ್ನಿಸುತ್ತಪ್ಪ" ಅಂದ ಚೆನ್ನವೀರ.

ಆಶ್ರಮದಲ್ಲಿ ಈ ಮಾತಿಗೆ ಬೇರೆ ಯಾವ ಅರ್ಥ ಬರಬೇಕು ಹೇಳಿ? ಏನೂ ಬೇಡ ಅನ್ನಿಸಲಿ ಅಂತಲೇ ಅಲ್ಲಿ ಶಿಷ್ಯರೆಲ್ಲ ಧ್ಯಾನಕ್ಕೆ ಕಣ್ಣು ಮುಚ್ಚಿ ಕೂರೋದು! ತಿರುಮಲನ ಮೈ ಜುಂ ಅಂದಿತು. ವೈರಾಗ್ಯ ಅನ್ನುವುದನ್ನು ಕೇಳಿದ್ದ, ಓದಿದ್ದ. ಈಗ ಕಣ್ಣಾರೆ ಕಂಡ.

ಅವನೇ ನಾಲ್ಕು ಜನಕ್ಕೆ ಹೇಳಿದ. ಆ ನಾಲ್ಕು ಜನ ಊರಿಗೆ ಹೇಳಿದರು. ಜನ ಹಣ್ಣು, ಹೂವು ತಂದು ಮಂಟಪದ ಮುಂದಿಟ್ಟು ಹೋಗತೊಡಗಿದರು. ಚೆನ್ನವೀರ ಯಾರನ್ನೂ ನೋಡುತ್ತಿರಲಿಲ್ಲ. ನೋಡದ್ದಕ್ಕೆ ಜನಕ್ಕೆ ಇನ್ನಷ್ಟು ಭಕ್ತಿ.

ಒಂದು ದಿನ ಚೆನ್ನವೀರ ತನ್ನ ತಂಬೂರಿ ತಂದು ತಿರುಮಲನ ತೊಡೆಯ ಮೇಲಿಟ್ಟ.

"ಇಟ್ಕೋ. ನನಗಿನ್ನು ಬೇಕಾಗಲ್ಲ."

"ಅಣ್ಣಾ!"

"ಬರೋ ಹುಣ್ಣಿಮೆಗೆ ಈ ದೇಹಾನ ಹೊಳೆಗೆ ಒಪ್ಪಿಸಿಬಿಡ್ತೀನಿ. ಅಮ್ಮನಿಗೆ ಹೇಳಬೇಡ. ಯಾರಿಗೂ ಹೇಳಬೇಡ. ಮಾತು ಕೊಡು."

ತಿರುಮಲ ಹೆದರಿದ. ಆದರೂ ನೋಡಿ, ಆ ಭಯದ ಜೊತೆಗೇ ಒಂದು ಹೆಮ್ಮೆಯೂ ಬಂತು. ಇಷ್ಟು ಜನರಲ್ಲಿ ನನಗೊಬ್ಬನಿಗೆ ಹೇಳಿದರಲ್ಲ! ಹಿಂದಿನವರು ಹೀಗೆ ಹೊಳೆ ಸೇರಿದ ಕಥೆಗಳನ್ನು ಅವನೂ ಕೇಳಿದ್ದ. ತಡೆಯಲು ತಾನು ಯಾರು?

ಮಾತು ಕೊಟ್ಟ.

ಮಳೆ ಹೊಳವಾಗಿ ಅಮ್ಮನವರು ವಾಪಸು ಬಂದರು. ಹುಣ್ಣಿಮೆಗೆ ಇನ್ನು ಕೆಲವೇ ದಿನ. ಚೆನ್ನವೀರ ಬಂದು ನಮಸ್ಕಾರ ಮಾಡಿ, ಸ್ವಲ್ಪ ನಕ್ಕು, ಮಂಟಪಕ್ಕೆ ಹೊರಟುಹೋದ. ಅವನು ಹೋದ ದಾರಿಯನ್ನೇ ಅಮ್ಮನವರು ಬಹಳ ಹೊತ್ತು ನೋಡಿದರು.

"ಇವನು ಯಾಕೋ ಇಳಿದುಹೋಗಿದ್ದಾನೆ?"

"ಏರಿದ್ದಾರಮ್ಮ" ಅಂದ ತಿರುಮಲ. "ನೀವಿಲ್ಲದಾಗ ಬಹಳ ಮೇಲಕ್ಕೆ ಏರಿಬಿಟ್ಟರು."

ಅಮ್ಮನವರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಜನ.

ಬಂದವರು ಅಣ್ಣ, ತಂಗಿ. ಅಣ್ಣ ಮುದ್ದೇಗೌಡ, ಮಡಿ ಪಂಚೆ, ಅಂಚಿನ ಶಲ್ಯ, ಹಳ್ಳಿಯಲ್ಲಿ ಗಣ್ಯ ಅಂತ ನೋಡಿದರೇ ಗೊತ್ತಾಗುತ್ತಿತ್ತು. ತಂಗಿ ದ್ಯಾವಮ್ಮ, ಗಂಡ ಸತ್ತ ಹೆಂಗಸು, ಬಸ್ಸಿಳಿದು ನಡೆದು ಬಂದ ದೂಳು ಕೊಡವುತ್ತಾ ನಿಂತಿದ್ದಳು.

"ಅಮ್ಮಾ, ಇವಳಿಗೆ..." ಅಂತ ಮುದ್ದೇಗೌಡ ಶುರು ಮಾಡಿದ.

"ಬಾಗಿಲಲ್ಲಿ ಮಾತಿಲ್ಲ ಗೌಡ್ರೇ. ಕೈಕಾಲು ತೊಳೆದು ಊಟಕ್ಕೆ ಬನ್ನಿ."

ಪಂಕ್ತಿಯಲ್ಲಿ ದ್ಯಾವಮ್ಮ ತನ್ನ ಪಕ್ಕಕ್ಕೆ ಇನ್ನೊಂದು ಎಲೆ ಹಾಕಿಸಿಕೊಂಡಳು. ಅಲ್ಲಿ ಯಾರೂ ಇರಲಿಲ್ಲ. ತನ್ನ ಎಲೆಗೆ ಬಡಿಸಿದ್ದರಲ್ಲಿ ಅಷ್ಟಷ್ಟು ಅಲ್ಲಿಗೂ ಹಾಕಿದಳು.

"ಏನ್ ನೋಡ್ತೀಯ, ಉಣ್ಣು. ಉಳಿಸಾರು ಚೆಂದಾಗದೆ" ಅಂದಳು ಖಾಲಿ ಜಾಗಕ್ಕೆ. ಮುದ್ದೇಗೌಡ ತಲೆ ತಗ್ಗಿಸಿದ.

ಸಂಜೆ ತಿರುಮಲ ಅಮ್ಮನವರ ಮುಂದೆ ಬಂದು ನಿಂತ.

"ಗೊತ್ತಾಯ್ತಮ್ಮ. ಕಾಯಿಲೆ ತಂಗಿಗೆ."

"ಇಷ್ಟು ಬೇಗ?"

"ಒಂದು ನೋಟ ಸಾಕಾಯ್ತು. ಕಾಣದವರ ಜೊತೆ ಮಾತಾಡ್ತಾಳೆ."

"ದಿನಾ ಬೆಳಿಗ್ಗೆ ಗಂಟೆ ಅಲ್ಲಾಡಿಸಿಕೊಂಡು ನೀನೂ ಕಾಣದವರ ಜೊತೆ ಮಾತಾಡ್ತೀಯಲ್ಲ?"

"ಅಮ್ಮಾ, ಅದು ಪೂಜೆ!"

"ಓಹೋ."

"ಎಲ್ಲರೂ ಮಾಡ್ತಾರೆ ಅದನ್ನ."

"ಎಲ್ಲರೂ ಮಾಡಿದರೆ ಪೂಜೆ, ಒಬ್ಬಳೇ ಮಾಡಿದರೆ ಹುಚ್ಚು. ಇಷ್ಟೇನೇನೋ ನೀನು ಕಲಿತದ್ದು? ಪಕ್ಷದಲ್ಲಿ ಇಡೀ ಊರು ಸತ್ತವರಿಗೆ ಎಡೆ ಇಟ್ಟು ಉಣ್ಣಿ ಅಂತ ಕರೆಯುತ್ತೆ. ವರ್ಷಕ್ಕೊಂದು ದಿನ ಕರೆದರೆ ಸರಿ, ದಿನಾ ಕರೆದರೆ ಕಾಯಿಲೆ ಅಂತ ಯಾರು ಹೇಳಿದರು ನಿನಗೆ?"

ತಿರುಮಲನ ಕಿವಿ ಬಿಸಿಯಾಯಿತು.

"ಹಾಗಾದರೆ ಯಾವುದು ಕಾಯಿಲೆ ಅಮ್ಮ?"

"ಹೋಗು. ಅವರಿಬ್ಬರ ಜೊತೆ ಇರು. ಅವರು ಸಗಣಿ ಬಾಚಿದರೆ ನೀನೂ ಬಾಚು. ಆಮೇಲೆ ನೀನೇ ನನಗೆ ಹೇಳು."

ತಿರುಮಲ ಮರುದಿನ ಕೊಟ್ಟಿಗೆಗೆ ಹೋದ. ದ್ಯಾವಮ್ಮ ಆಗಲೇ ಹಾಲು ಕರೆದು, ಕರು ಕಟ್ಟಿ, ಗಂಜಲ ತೊಳೆದು ಮುಗಿಸಿದ್ದಳು. ಯಾರನ್ನೂ ಹತ್ತಿರ ಸೇರಿಸದ ಒದೆಯುವ ಹಸು ಅವಳ ಭುಜ ನೆಕ್ಕುತ್ತಿತ್ತು.

"ದ್ಯಾವಕ್ಕ, ನಿಮ್ಮ ಯಜಮಾನರು ಈಗ ಇಲ್ಲಿದ್ದಾರಾ?" ಅಂತ ಮೆಲ್ಲಗೆ ಕೇಳಿದ.

ಅವಳು ಅವನನ್ನೇ ಮರುಕದಿಂದ ನೋಡಿದಳು.

"ಅವ್ನು ಸತ್ತೋಗಿಲ್ವಾ ಸಾಮಿ? ನಾನೇ ಮುಂದೆ ನಿಂತು ಮಣ್ಣು ಆಕಿಸ್ದೆ."

"ಮತ್ತೆ ಮಾತಾಡ್ತೀರಿ?"

"ಅವ್ನಿದ್ದಾಗ ನಂಗೆ ಬಾಯಿ ಬಿಡಕ್ಕೆ ಎಲ್ ಬಿಡ್ತಿದ್ದ? ಅವನ್ದೇ ಮಾತು, ಅವನ್ದೇ ಊರ ಉಸಾಬ್ರಿ. ಈಗ ಎದುರಾಡಕ್ಕಿಲ್ಲ, ಆರಾಮಾಗಿ ಯೋಳ್ಕೋತೀನಿ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. "ಒಳ್ಳೆಯೋನು ಸಾಮಿ. ಒಬ್ಳೇ ಉಣ್ಣಕ್ಕೆ ಮನಸ್ ಬರಕ್ಕಿಲ್ಲ."

"ಆ ಎಲೆಯ ಊಟ?"

"ಆಮ್ಯಾಕೆ ನಾನೇ ಉಣ್ತೀನಿ. ಅನ್ನ ಬಿಸಾಡಕ್ಕಾದದಾ?"

ಮೂಗು ಒರೆಸಿಕೊಂಡು ಮೇವು ತರಲು ಹೋದಳು. ಊರಲ್ಲಿ ಗಂಡನ ಗದ್ದೆಯನ್ನು ಅವಳೇ ಮಾಡಿಸುತ್ತಿದ್ದಳು, ಆಳುಗಳನ್ನು ಅವಳೇ ನಿಭಾಯಿಸುತ್ತಿದ್ದಳು. ಓರಗಿತ್ತಿಯ ಹೆರಿಗೆಗೂ ಅವಳೇ ಬೇಕಿತ್ತು.

ಮುದ್ದೇಗೌಡನ ಸಂಗತಿ ಬೇರೆ. ಅವನ ಚಾಪೆ ತಿರುಮಲನ ಪಕ್ಕದಲ್ಲೇ. ಮಗ್ಗುಲು ಬದಲಾಯಿಸುತ್ತಾ ನರಳುತ್ತಿದ್ದ, ಎದ್ದು ಕೂತು ಎದೆ ಹಿಡಿದುಕೊಳ್ಳುತ್ತಿದ್ದ. ಕಾರಣವೇ ಇಲ್ಲದೆ ಬೆವರುತ್ತಿದ್ದ. ಸಂತೆಗೆ ಹೋಗೋದು ಬಿಟ್ಟು ವರ್ಷದ ಮೇಲಾಯಿತಂತೆ. ಪಂಚಾಯ್ತಿಗೂ ಹೋಗುತ್ತಿರಲಿಲ್ಲ. ನಾಲ್ಕು ಜನ ಸೇರಿದ ಕಡೆ ಕಾಲಿಟ್ಟರೆ ಉಸಿರು ಕಟ್ಟಿ, ಈಗಲೇ ಪ್ರಾಣ ಹೋಯಿತು ಅನ್ನಿಸುತ್ತಿತ್ತಂತೆ.

"ಯಾರಿಗಾದರೂ ಹೇಳಿದ್ದೀರಾ ಗೌಡ್ರೇ?"

"ಹೇಳಿದರೆ ಮುದ್ದೇಗೌಡನಿಗೆ ತಲೆ ಕೆಟ್ಟಿದೆ ಅಂತಾರೆ" ಅಂದ ಆ ದೊಡ್ಡ ಮನುಷ್ಯ. ತಿರುಮಲನಿಗೆ ಪಾಪ ಅನ್ನಿಸಿತು.

ಅದಾದ ಮೇಲೆ ಒಂದು ಮಧ್ಯಾಹ್ನ ಪಂಕ್ತಿ ಕೂತಿತ್ತು. ಆ ತುದಿಯಲ್ಲಿ ಅಣ್ಣ ತಂಗಿ, ಈ ತುದಿಯಲ್ಲಿ ಅಮ್ಮನವರು, ಅವರ ಪಕ್ಕದಲ್ಲಿ ತಿರುಮಲ. ಆ ಆಶ್ರಮದಲ್ಲಿ ಪಂಕ್ತಿಯ ಕೊನೆಯವರು ಉಂಡು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಅಮ್ಮನವರಿಗೆ ಜ್ವರ ಬಂದಾಗಲೂ ಅವರು ಈ ನೇಮ ತಪ್ಪಿಸಿದವರಲ್ಲ.

ಅಮ್ಮನವರು ಅನ್ನ ಕಲಸುತ್ತಾ ದನಿ ತಗ್ಗಿಸಿ ಕೇಳಿದರು.

"ದ್ಯಾವಮ್ಮ ನರಳ್ತಾಳಾ?"

"ನೆನಪಾದರೆ ಅಳ್ತಾಳೆ. ಅತ್ತು ಕೆಲಸಕ್ಕೆ ಹೋಗ್ತಾಳೆ."

"ಅವಳ ಬದುಕು ನಿಂತಿದೆಯಾ?"

"ಅವಳು ಊರಿಗೆ ಹೋದರೆ ನಮ್ಮ ಕೊಟ್ಟಿಗೆ ನಿಲ್ಲುತ್ತೆ ಅಮ್ಮ."

"ಇರೋದು ಯಾವುದು, ಇಲ್ಲದ್ದು ಯಾವುದು, ಗೊತ್ತಿದೆಯಾ ಅವಳಿಗೆ?"

"ಗಂಡ ಸತ್ತದ್ದು ನನಗಿಂತ ಚೆನ್ನಾಗಿ ಗೊತ್ತು."

"ಅವಳಿಂದ ಅವಳಿಗೋ, ಇನ್ನೊಬ್ಬರಿಗೋ ಕೇಡುಂಟಾ?"

"ಒಂದು ಬಾಳೆಲೆ ಹೆಚ್ಚು ಖರ್ಚು."

ಅಮ್ಮನವರು ನಕ್ಕುಬಿಟ್ಟರು. "ಹಾಗಾದರೆ?"

"ಕಾಯಿಲೆ ಗೌಡರಿಗೆ. ನೋಡೋಕೆ ಎಲ್ಲರ ಹಾಗೇ ಇದ್ದಾರೆ. ಒಳಗೆ ನರಳ್ತಾರೆ. ಭಯ ಅವರ ಸಂತೆ, ನಿದ್ದೆ, ನಾಲ್ಕು ಜನರ ಸಂಗ ಎಲ್ಲ ಕಿತ್ತುಕೊಂಡಿದೆ. ಅದೂ ಇವತ್ತು ನಿನ್ನೆಯದಲ್ಲ." ತಲೆ ತಗ್ಗಿಸಿ ಹೇಳಿದ, "ನಾನು ಬೇರೆ ಥರ ಇದ್ದವಳನ್ನ ಹಿಡಿದೆ. ನರಳೋರನ್ನ ಬಿಟ್ಟೆ."

"ಶಹಬ್ಬಾಸ್!" ಅಂದರು ಅಮ್ಮನವರು.

ತಿರುಮಲನ ಹೊಟ್ಟೆ ಅಲ್ಲೇ ತುಂಬಿಹೋಯಿತು. ಅವರ ಬಾಯಿಂದ ಆ ಮಾತು ಸುಮ್ಮನೆ ಬರುವಂಥದ್ದಲ್ಲ.

"ಇದೇ ಮಾತುಗಳನ್ನ ಚೆನ್ನವೀರನ ಬಗ್ಗೆ ಕೇಳ್ತೀನಿ. ಹೇಳು."

ತಿರುಮಲನಿಗೆ ನಗು ಬಂತು. "ಅವರು ಸಾಧಕರು ಅಮ್ಮ. ಅವರ ವೈರಾಗ್ಯ ನೋಡೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರೆ."

"ಬರಲಿ. ನೀನು ಹೇಳು. ಹಾಡು?"

"ಬಿಟ್ಟಿದ್ದಾರೆ."

"ನಿದ್ದೆ?"

"ಗೆದ್ದಿದ್ದಾರೆ. ಯಾವಾಗ ನೋಡಿದರೂ ಎದ್ದಿರ್ತಾರೆ."

"ಊಟ?"

"ರುಚಿಯನ್ನೇ ಬಿಟ್ಟುಬಿಟ್ಟಿದ್ದಾರೆ."

"ರುಚೀನ ಇವನು ಬಿಟ್ಟನೋ, ರುಚಿಯೇ ಇವನನ್ನ ಬಿಟ್ಟು ಹೋಯಿತೋ?"

ತಿರುಮಲ ಉತ್ತರ ಹೇಳಲು ಬಾಯಿ ತೆರೆದ. ಹೋಳಿಗೆಯ ನೆನಪಾಯಿತು.

ಗೌರಿ ಹಬ್ಬದ ದಿನ ಅವನೇ ಹೋಳಿಗೆ ಒಯ್ದು ಕೊಟ್ಟಿದ್ದ. ಚೆನ್ನವೀರ ಒಂದು ಚೂರು ಬಾಯಿಗಿಟ್ಟು, ಅಗಿದು, ನಿಲ್ಲಿಸಿದ್ದ. ಇನ್ನೊಂದು ಚೂರು ಮುರಿದು ನೋಡಿದ್ದ, ಏನೋ ಕಳೆದದ್ದನ್ನು ಹುಡುಕುವವನ ಹಾಗೆ. ಆಮೇಲೆ ಅವನ ಕಣ್ಣಿಂದ ನೀರು ಇಳಿದಿತ್ತು. ತಿರುಮಲ ಅದನ್ನು ಆನಂದಬಾಷ್ಪ ಅಂದುಕೊಂಡು ಕೈ ಮುಗಿದಿದ್ದ.

"ಅವನ ಸಾಮಾನು?" ಅಮ್ಮನವರು ಕೇಳಿದರು.

"ಎಲ್ಲ ಹಂಚಿಬಿಟ್ಟರು. ತಂಬೂರಿ ನನಗೇ ಕೊಟ್ಟರು. ಇನ್ನು ಬೇಕಾಗಲ್ಲ ಅಂತ..."

ಅಮ್ಮನವರ ಕೈ ಎಲೆಯ ಮೇಲೆ ನಿಂತಿತು.

"ಇನ್ನೇನು ಹೇಳಿದ?"

ತಿರುಮಲ ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದ.

"ತಿರುಮಲ, ಇನ್ನೇನು ಹೇಳಿದ?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಮ್ಮ."

"ಯಾರಿಗೆ ಕೊಟ್ಟೆ? ಚೆನ್ನವೀರನಿಗೋ, ಅವನ ಕಾಯಿಲೆಗೋ?"

ಆಗ ತಿರುಮಲ ಹೇಳಿದ. ಅಳುತ್ತಾ ಹೇಳಿದ. "ಹುಣ್ಣಿಮೆ ನಾಡಿದ್ದು ಅಮ್ಮ. ಇನ್ನೂ ಟೈಮಿದೆ..."

"ನರಳೋನು ಪಂಚಾಂಗ ನೋಡ್ಕೊಂಡು ಕೂರ್ತಾನೆ ಅಂತ ಯಾರು ಹೇಳಿದರು ನಿನಗೆ?"

ಹೇಳುತ್ತಾ ಅಮ್ಮನವರು ಎದ್ದೇಬಿಟ್ಟರು. ಪಂಕ್ತಿಯ ನಡುವೆ, ಎಂಜಲು ಕೈಯಲ್ಲೇ. ಬಡಿಸುವವನು ಸೌಟು ಹಿಡಿದು ಕಲ್ಲಾಗಿ ನಿಂತ. ಮಂಡಿ ನೋವಿಗೆ ಗೋಡೆ ಹಿಡಿದು ನಡೆಯುತ್ತಿದ್ದ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಳೆಯ ಕಡೆ ಓಡಿದರು. ಅವರು ಓಡಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ತಿರುಮಲ ಹಿಂದೆ ಓಡಿದ.

ಚೆನ್ನವೀರ ಮಂಟಪದಲ್ಲಿರಲಿಲ್ಲ. ಹೊಳೆಯ ಕೊನೇ ಮೆಟ್ಟಿಲಲ್ಲಿ ಕೂತಿದ್ದ, ಪಾದ ನೀರಲ್ಲಿ. ಯಾರೋ ಹಾಕಿಹೋದ ಸೇವಂತಿಗೆ ಹಾರ ಇನ್ನೂ ಕೊರಳಲ್ಲಿತ್ತು.

ಅಮ್ಮನವರು ಏದುಸಿರು ಬಿಡುತ್ತಾ ಅವನ ಪಕ್ಕದಲ್ಲೇ ಕೂತರು. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಉಸಿರು ತಹಬಂದಿಗೆ ಬಂದ ಮೇಲೆ ನೇರವಾಗಿ ಕೇಳಿದರು.

"ಸಾಯಬೇಕು ಅನ್ನಿಸ್ತಿದೆಯಾ ಚೆನ್ನವೀರ?"

ತಿರುಮಲ ಬೆಚ್ಚಿಬಿದ್ದ. ಅಯ್ಯೋ, ಹೀಗಾ ಕೇಳೋದು! ಅಂಥ ಮಾತನ್ನು ಬಾಯಿ ಬಿಟ್ಟು ಕೇಳಿಬಿಡೋದಾ!

ಚೆನ್ನವೀರ ನೀರನ್ನೇ ನೋಡುತ್ತಿದ್ದ. ಹಾಗೇ ತಲೆ ಆಡಿಸಿದ, ಹೌದು ಅಂತ.

"ಎಷ್ಟು ಕಾಲದಿಂದ?"

"ನೀವು ಹೋದ ಮೇಲೆ. ಶುರುವಿನಲ್ಲಿ ಬರೀ ಬೇಜಾರು. ಆಮೇಲೆ ಅದೂ ಹೋಯ್ತು. ಏನೂ ಇಲ್ಲ. ಹಾಡಿದರೆ ನನ್ನ ದನಿ ಬೇರೆ ಯಾರದ್ದೋ ಅನ್ನಿಸುತ್ತೆ. ಏಳೋದೇ ಒಂದು ಬೆಟ್ಟ." ಹಾರದ ಒಂದು ಹೂವು ಕಿತ್ತು ನೀರಿಗೆ ಬಿಟ್ಟ. "ಎಲ್ಲರಿಗೂ ಭಾರ ಆಗಿದ್ದೀನಿ. ನಾನಿಲ್ಲದಿದ್ದರೆ ಯಾರಿಗೇನು?"

"ಯಾರಿಗೂ ಹೇಳಲಿಲ್ಲವಾ ಮಗನೇ?"

"ಏನೂ ಬೇಡ ಅನ್ನಿಸುತ್ತೆ ಅಂತ ಹೇಳಿದೆ ಅಮ್ಮ. ಅದಕ್ಕೆ ವೈರಾಗ್ಯ ಅಂತ ಅವರೇ ಹೆಸರಿಟ್ಟರು. ಹೆಸರು ಚೆನ್ನಾಗಿತ್ತು. ಅಲ್ಲ ಅನ್ನೋಕೆ ಶಕ್ತಿ ಇರಲಿಲ್ಲ."

ತಿರುಮಲನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆ ಹೆಸರಿಟ್ಟವನು ಅವನೇ.

ಅಷ್ಟರಲ್ಲಿ, ಅಮ್ಮನವರು ಕೈ ತೊಳೆಯಲಿ ಅಂತ ನೀರಿನ ಚೊಂಬು ಹಿಡಿದುಕೊಂಡು ದ್ಯಾವಮ್ಮ ಓಡಿ ಬಂದಳು. ಅಮ್ಮನವರು ಚೊಂಬು ಇಸಿದುಕೊಂಡು ಚೆನ್ನವೀರನ ಬಾಯಿಗೆ ಹಿಡಿದರು. ಅವನು ಕುಡಿದ. ಕುಡಿದು, ಮುದುಕಿಯ ಮಡಿಲಲ್ಲಿ ಮುಖವಿಟ್ಟು, ಮಗುವಿನ ಹಾಗೆ ದನಿ ತೆಗೆದು ಅತ್ತ.

ಅನ್ನ ಮೆತ್ತಿದ ಕೈಯಲ್ಲೇ ಅವರು ಅವನ ಬೆನ್ನು ಸವರಿದರು.

"ಇದು ಕಾಯಿಲೆ ಕಣೋ. ಮಲೇರಿಯಾ ಬಂದ ಹಾಗೆ, ಕಾಮಾಲೆ ಬಂದ ಹಾಗೆ. ನಿನ್ನ ತಪ್ಪೇನೂ ಇಲ್ಲ. ನೀನು ಭಾರ ಅನ್ನೋದೂ ಅದೇ ಕಾಯಿಲೆ ಆಡಿಸೋ ಮಾತು. ವಾಸಿಯಾಗುತ್ತೆ. ನಾನು ಎಷ್ಟು ಜನರನ್ನ ನೋಡಿಲ್ಲ? ಅಲ್ಲಿಯವರೆಗೆ ನಿನ್ನ ಪಕ್ಕದಲ್ಲಿ ಒಬ್ಬರು ಇದ್ದೇ ಇರ್ತಾರೆ. ಏಳು, ಹೋಗೋಣ."

ಕೊರಳಿನ ಹಾರ ತೆಗೆದು ಮೆಟ್ಟಿಲ ಮೇಲಿಟ್ಟರು. ಅವನ ಒಂದು ಕೈ ಅವರು, ಇನ್ನೊಂದು ಕೈ ತಿರುಮಲ ಹಿಡಿದು ಮೇಲೆ ಬಂದರು.

"ಅಮ್ಮ, ಹಾಗೆ ನೇರ ಕೇಳಿಬಿಟ್ಟಿರಲ್ಲ" ಅಂದ ತಿರುಮಲ ಆಮೇಲೆ. "ಇಲ್ಲದ ಯೋಚನೆ ನಾವೇ ಹುಟ್ಟಿಸಿದ ಹಾಗಾಗಿದ್ದರೆ?"

"ಅದು ಒಳಗೆ ಕೂತಾಗಿತ್ತು. ಅವನೊಬ್ಬನೇ ಅದರ ಜೊತೆ ಇದ್ದ. ಕೇಳಿದ ಮೇಲೆ ನಾವೂ ಜೊತೆಯಾದೆವು."

ಮಾರನೇ ದಿನ ಬೆಳಿಗ್ಗೆಯ ಬಸ್ಸಿಗೆ ಅವನನ್ನು ಪೇಟೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಹಣ್ಣು ಹೂವು ಹಿಡಿದುಕೊಂಡು ಬಂದಿದ್ದ ಭಕ್ತರು ಬಾಗಿಲಲ್ಲೇ ಅಡ್ಡ ನಿಂತರು.

"ಮಹಾತ್ಮರನ್ನ ಹುಚ್ಚಾಸ್ಪತ್ರೆಗೆ ಸೇರಿಸ್ತೀರಾ? ನಿಮಗೇ ಗೊತ್ತಾಗಲ್ಲವಾ ಅಮ್ಮ?"

"ಮಹಾತ್ಮನಿಗೆ ಕಾಲು ಮುರಿದರೆ ಕಟ್ಟು ಹಾಕಿಸ್ತೀರೋ, ಕುಂಕುಮ ಹಚ್ತೀರೋ? ದಾರಿ ಬಿಡಿ, ಬಸ್ಸು ಹೋಗುತ್ತೆ."

ಬಸ್ಸಿನಲ್ಲಿ ತಿರುಮಲ ಅಳುಕುತ್ತಲೇ ಕೇಳಿದ. "ನಿಮ್ಮ ಹತ್ತಿರ ಇಲ್ಲದ ಔಷಧಿಯಾ ಅಮ್ಮ ಅದು? ಜನ ಏನಂದುಕೊಳ್ತಾರೆ?"

"ಇಂಥ ಹೊತ್ತಿಗೆ ಬೇಕಾದ ಔಷಧಿ ನನಗಿಂತ ಅಲ್ಲಿಯ ಡಾಕ್ಟರಿಗೆ ಚೆನ್ನಾಗಿ ಗೊತ್ತು. ನನ್ನ ಹೆಸರು ದೊಡ್ಡದಾ, ಇವನ ಪ್ರಾಣ ದೊಡ್ಡದಾ?"

ಕಾಯಿಲೆಯವರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುವ ಹೆಂಗಸು ಹೇಳಿದ ಮಾತು ಇದು. ಆಸ್ಪತ್ರೆಯ ಸಾಲಿನಲ್ಲಿ ಎಲ್ಲರ ಹಾಗೆ ಚೀಟಿ ಹಿಡಿದು ಅವರು ಕೂತದ್ದನ್ನು ತಿರುಮಲ ನೋಡಿದ. ಡಾಕ್ಟರು ಅವರ ಮೊಮ್ಮಗಳ ವಯಸ್ಸಿನವರು. ಮಾತ್ರೆ ಹೇಗೆ, ಎಷ್ಟು ದಿನಕ್ಕೆ ಗುಣ ಕಾಣುತ್ತೆ, ಯಾವುದಕ್ಕೆ ಎಚ್ಚರ ಇರಬೇಕು ಅಂತ ಅಮ್ಮನವರು ಪಾಠ ಕೇಳುವವರ ಹಾಗೆ ಕೇಳಿ ತಿಳಿದುಕೊಂಡರು. ಅಮ್ಮನವರ ಮೇಲಿದ್ದ ಬೆರಗು ಆ ದಿನ ತಿರುಮಲನಿಗೆ ಪ್ರೀತಿಯಾಯಿತು.

ವಾಪಸು ಬಂದ ಮೇಲೆ ಮುದ್ದೇಗೌಡನಿಗೂ ಔಷಧಿ ಶುರುವಾಯಿತು. ಜೊತೆಗೆ ಉಸಿರಿನ ಅಭ್ಯಾಸ, ಮತ್ತೆ ಸಂತೆಗೆ ಹೋಗುವ ಅಭ್ಯಾಸ, ಮೊದಲು ಸಂತೆಯ ಅಂಚಿನವರೆಗೆ, ಆಮೇಲೆ ಒಳಗೆ. ಒಳಗೆ ಹೋಗುವಾಗ ದ್ಯಾವಮ್ಮ ಅವನ ಜೊತೆಗಿರುತ್ತಿದ್ದಳು, ಇಲ್ಲದ ಗಂಡನಿಗೆ ತರಕಾರಿಯ ಬೆಲೆ ಹೇಳುತ್ತಾ. ಅವಳ ಬಗ್ಗೆ ಗೌಡ ಮತ್ತೆ ಕೇಳಿದಾಗ ಅಮ್ಮನವರು ಹೇಳಿದ್ದು ಇಷ್ಟೇ: "ಅವಳಿಗೆ ಎರಡು ಎಲೆ ಕೊಡಿ."

ಚೆನ್ನವೀರ ಒಂದೇ ಸಲಕ್ಕೆ ಏನೂ ಗುಣವಾಗಲಿಲ್ಲ. ಅಂಥ ಕಾಯಿಲೆ ಹಾಗೆ ಹೋಗುವುದೂ ಇಲ್ಲ. ಒಂದು ವಾರ ಪರವಾಗಿಲ್ಲ ಅನ್ನಿಸಿದರೆ ಮರುವಾರ ಚಾಪೆಯಿಂದ ಏಳುತ್ತಿರಲಿಲ್ಲ. ತಿರುಮಲ ಅವನ ಪಕ್ಕದಲ್ಲೇ ಮಲಗಿದ, ಮಾತ್ರೆ ಕೊಟ್ಟ, ಬೇಡವೆಂದರೂ ಹೊಳೆದಂಡೆಯ ಮೇಲೆ ನಡೆಸಿದ. ಮಾತಾಡಬೇಕು ಅನ್ನಿಸಿದಾಗ ಕೇಳಿಸಿಕೊಂಡ, ಅನ್ನಿಸದಿದ್ದಾಗ ಸುಮ್ಮನೆ ಕೂತ. ಎಷ್ಟೋ ಸಲ, ಇನ್ನು ಇವರು ಮೊದಲಿನಂತೆ ಆಗುವುದಿಲ್ಲವೇನೋ ಅಂತ ಒಳಗೊಳಗೇ ಹೆದರಿದ.

ಸಂಕ್ರಾಂತಿ ಹತ್ತಿರ ಬಂದಾಗ, ಒಂದು ಬೆಳಿಗ್ಗೆ, ತಿರುಮಲ ಅವಸರಕ್ಕೆ ಕೈಗೆ ಸಿಕ್ಕ ಪಂಚೆ ಸುತ್ತಿಕೊಂಡು ನೀರು ತರಲು ಹೊರಟಿದ್ದ. ಹಿಂದಿನಿಂದ ಆಶ್ರಮವೆಲ್ಲ ಕೇಳುವ ಹಾಗೆ ಒಂದು ದನಿ ಬಂತು.

"ಲೋ ಕತ್ತೆ! ಅದು ನನ್ನ ಪಂಚೆ ಕಣೋ! ಒಗೆದು ಒಣಗಿಸಿ ಮಡಿಸಿ ಇಟ್ಟಿದ್ದೆ. ನಿನಗೆ ಉಡೋಕೆ ಬೇರೆ ಗತಿ ಇರಲಿಲ್ಲವಾ?"

ತಿರುಮಲ ಕೊಡ ಕೆಳಗಿಟ್ಟ. ತಿರುಗಿ ನೋಡಿದ. ಚೆನ್ನವೀರ ಸೊಂಟದ ಮೇಲೆ ಕೈಯಿಟ್ಟು, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. ತಿಂಗಳುಗಟ್ಟಲೆ ಯಾವುದೂ ತನ್ನದಲ್ಲ ಅಂತಿದ್ದವನು ಈಗ ಪಂಚೆಗೆ ಜಗಳಕ್ಕೆ ನಿಂತಿದ್ದ! ತಿರುಮಲನಿಗೆ ಎಂಥ ಖುಷಿಯಾಯಿತೆಂದರೆ, ಬೈಸಿಕೊಳ್ಳುತ್ತಲೇ ಗೊಳೋ ಅಂತ ಅತ್ತುಬಿಟ್ಟ.

ಆ ದಿನ ಸಂಜೆ ಅಮ್ಮನವರು ಮೆಟ್ಟಿಲ ಮೇಲೆ ಕೂತಿದ್ದರು. ತಿರುಮಲ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ. ಅವನೊಳಗೆ ಬಹಳ ದಿನದಿಂದ ಕೊರೆಯುತ್ತಿದ್ದ ಮಾತು ಆಚೆ ಬಂತು.

"ಅಮ್ಮ, ಇಲ್ಲಿಗೆ ಬರುವ ಗುರುತು ಪರಿಚಯ ಇಲ್ಲದವರ ನೋವು ನನಗೆ ಕಾಣುತ್ತೆ. ಅಣ್ಣನ ಹತ್ತಿರ ದಿನಾ ಇದ್ದವನು ನಾನು. ಎದ್ದ ಕೂಡಲೇ ಮಂಟಪಕ್ಕೆ ಹೋಗಿ ಅವರ ಕಾಲಿಗೆ ಬೀಳ್ತಿದ್ದೆ. ನನಗೇ ಯಾಕೆ ಕಾಣಲಿಲ್ಲ?"

ಅಮ್ಮನವರು ಅವನ ಗದ್ದ ಹಿಡಿದು ಮೇಲಕ್ಕೆತ್ತಿದರು.

"ಕಾಲಿಗೆ ಬಿದ್ದವನಿಗೆ ಮುಖ ಕಾಣೋದು ಹೇಗೋ?"